ಚೋಕ್ ಬಿಟ್ಟರೆ ನಿಲ್ಲುತ್ತಿದ್ದ ನಮ್ಮ ಹುಲ್ಲಿನ ಗಾಡಿ

ಅಮೆರಿಕದ ಒಹಾಯೊದಲ್ಲಿ ಏಪ್ರಿಲ್ ಕೊನೆಗೆ ಹುಲ್ಲು ಬೆಳೆಯುವ ವೇಗ ನೋಡಬೇಕು. ಒಂದು ವಾರ ಬಿಟ್ಟರೆ ಪಾದ ಮುಚ್ಚುತ್ತದೆ. ನಮ್ಮ ಮನೆ ಸುತ್ತ ಒಂದು ಎಕರೆಗೆ ಸ್ವಲ್ಪ ಕಮ್ಮಿ ಜಾಗ ಇದೆ. ತಳ್ಳುವ ಯಂತ್ರದಲ್ಲಿ ಅಷ್ಟು ಕತ್ತರಿಸಲು ಆಗುವುದಿಲ್ಲ ಅಂತ ಕೂತು ಓಡಿಸುವ ಹಳೆಯ ಲಾನ್ ಮೋವರ್ ಒಂದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದೆ. ಒಂದೇ ಸಿಲಿಂಡರ್, 17.5 ಹಾರ್ಸ್‌ಪವರ್, ಬ್ಲೇಡುಗಳನ್ನು ಮುಚ್ಚುವ ಡೆಕ್ 42 ಇಂಚು. ಮನೆಯಲ್ಲಿ ಎಲ್ಲರೂ ಅದನ್ನು ಹುಲ್ಲಿನ ಗಾಡಿ ಅಂತಲೇ ಕರೆಯುತ್ತೇವೆ.

ಚಳಿಗಾಲದಲ್ಲಿ ಐದು ತಿಂಗಳು ಅದು ಗ್ಯಾರೇಜಿನಲ್ಲಿ ನಿಂತಿತ್ತು. ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಹಾಗೇ ಇತ್ತು. ವಸಂತದಲ್ಲಿ ಕೀ ತಿರುಗಿಸಿದೆ. ಚೋಕ್ ಎಳೆದರೆ ಸ್ಟಾರ್ಟ್ ಆಗುತ್ತದೆ, ಬಿಟ್ಟ ತಕ್ಷಣ ಎರಡು ಸಲ ಕೆಮ್ಮಿ ನಿಲ್ಲುತ್ತದೆ. ಎಷ್ಟು ಸಲ ಮಾಡಿದರೂ ಅದೇ ಕಥೆ.

ಈ ಲಕ್ಷಣ ನನಗೆ ಚಿಕ್ಕಂದಿನಿಂದ ಗೊತ್ತು. ಹಾಸನದಲ್ಲಿ ಅಪ್ಪನ ಸ್ಕೂಟರ್ ಹೀಗೇ ಮಾಡುತ್ತಿತ್ತು. ಮೆಕ್ಯಾನಿಕ್ "ಜೆಟ್ ಕಟ್ಟಿಕೊಂಡಿದೆ" ಅಂತ ಗಾಳಿ, ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಬಿಚ್ಚಿ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಆ ಜೆಟ್ಟಿಗೆ ಕರೆಂಟ್ ವೈರಿನ ಒಂದೇ ಎಳೆ ತೂರಿಸಿ, ಬಾಯಲ್ಲಿ ಫೂ ಅಂತ ಊದಿ ಮತ್ತೆ ಕೂರಿಸುತ್ತಿದ್ದರು. ಚೋಕ್ ಹಾಕಿದಾಗ ಎಂಜಿನ್‌ಗೆ ಗಾಳಿ ಕಮ್ಮಿ ಸಿಗುತ್ತದೆ, ಹಾಗಾಗಿ ಪೆಟ್ರೋಲನ್ನು ಜೋರಾಗಿ ಎಳೆದುಕೊಳ್ಳುತ್ತದೆ. ಜೆಟ್ ಅರ್ಧ ಮುಚ್ಚಿದ್ದರೂ ಹೇಗೋ ನಡೆಯುತ್ತದೆ. ಚೋಕ್ ತೆಗೆದರೆ ಗಾಳಿ ಜಾಸ್ತಿ ಆಗುತ್ತದೆ, ಪೆಟ್ರೋಲ್ ಸಾಲುವುದಿಲ್ಲ.

ಆದರೂ ನೇರವಾಗಿ ಕಾರ್ಬೊರೇಟರ್‌ಗೆ ಕೈ ಹಾಕಲಿಲ್ಲ. ಮೊದಲು ಪೆಟ್ರೋಲ್ ಪೈಪ್ ಕಳಚಿ ಡಬ್ಬಿಗೆ ಹಿಡಿದೆ. ಧಾರೆ ಚೆನ್ನಾಗಿಯೇ ಬಂತು. ಅಂದರೆ ಫಿಲ್ಟರ್ ಕಟ್ಟಿಲ್ಲ. ಆಮೇಲೆ ಸೊಲೆನಾಯ್ಡ್. ಇಂಥ ಎಂಜಿನ್‌ಗಳಲ್ಲಿ ಕಾರ್ಬೊರೇಟರ್‌ನ ಕೆಳಗಡೆ ಬೋಲ್ಟಿನ ಹಾಗೆ ಕಾಣುವ ಒಂದು ಭಾಗಕ್ಕೆ ವೈರ್ ಬಂದಿರುತ್ತದೆ. ಕೀ ಆಫ್ ಮಾಡಿದಾಗ ಜೆಟ್ ಮುಚ್ಚುವುದು ಅದರ ಕೆಲಸ. ಕೀ ಆನ್ ಮಾಡಿ ಬೆರಳಿಟ್ಟರೆ "ಟಕ್" ಅಂತ ಸದ್ದಾಗಬೇಕು. ನಮ್ಮದು ಟಕ್ ಅಂದಿತು. ದಯವಿಟ್ಟು ಈ ಪರೀಕ್ಷೆ ಬಿಡಬೇಡಿ. ಸೊಲೆನಾಯ್ಡ್ ಕೆಟ್ಟು ಪೆಟ್ರೋಲ್ ನಿಂತಿದ್ದರೆ ಕಾರ್ಬೊರೇಟರ್ ಎಷ್ಟು ತೊಳೆದರೂ ಪ್ರಯೋಜನ ಇಲ್ಲ.

ಬಿಚ್ಚುವ ಮೊದಲು ಎಂಜಿನ್ ತಣ್ಣಗಿರಲಿ. ಸ್ಪಾರ್ಕ್ ಪ್ಲಗ್ಗಿನ ವೈರ್, ಬ್ಯಾಟರಿಯ ನೆಗೆಟಿವ್ ಎರಡನ್ನೂ ಕಳಚಿದೆ. ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದೆ. ಏರ್ ಫಿಲ್ಟರ್ ತೆಗೆದ ಮೇಲೆ ಕಾಣುವ ಕಡ್ಡಿ, ಸ್ಪ್ರಿಂಗುಗಳನ್ನು ಮೂರು ಕಡೆಯಿಂದ ಫೋಟೊ ತೆಗೆದೆ. ಎಂಜಿನ್‌ಗೆ ಹೋಗುವ ಮಿಶ್ರಣವನ್ನು ಹೆಚ್ಚು ಕಮ್ಮಿ ಮಾಡುವ ಥ್ರಾಟಲ್‌ಗೂ ವೇಗ ಹಿಡಿತದಲ್ಲಿಡುವ ಗವರ್ನರ್‌ಗೂ ನಡುವೆ ತೆಳ್ಳಗಿನ ಒಂದು ಸ್ಪ್ರಿಂಗ್ ಇರುತ್ತದೆ. ಅದನ್ನು ಇಕ್ಕಳದಲ್ಲಿ ಎಳೆಯಬಾರದು. ಎಳೆದು ಉದ್ದ ಆದರೆ ಎಂಜಿನ್ ವೇಗವೇ ಹಿಡಿತಕ್ಕೆ ಬರುವುದಿಲ್ಲ. ಎರಡು ಬೋಲ್ಟ್ ಬಿಚ್ಚಿ ಕಾರ್ಬೊರೇಟರನ್ನೇ ಸ್ವಲ್ಪ ಓರೆಯಾಗಿ ತಿರುಗಿಸಿದರೆ ಕಡ್ಡಿ ತಾನಾಗಿ ಕಳಚಿಕೊಳ್ಳುತ್ತದೆ.

ಕಾರ್ಬೊರೇಟರ್‌ನ ತಳದಲ್ಲಿ ಪೆಟ್ರೋಲ್ ನಿಲ್ಲುವ ಬೌಲ್ ತೆಗೆದು ನೋಡಿದೆ. ತಳದಲ್ಲಿ ಜೋನಿ ಬೆಲ್ಲದ ಹಾಗೆ ಕಂದು ಬಣ್ಣದ ಅಂಟು. ಅಂಚಿನಲ್ಲಿ ಸುಣ್ಣದ ಹಾಗೆ ಬಿಳಿ ಪುಡಿ. ಅಂಟು ಹಳಸಿದ ಪೆಟ್ರೋಲಿನದು, ಬಿಳಿ ಪುಡಿ ನೀರು ತಾಗಿ ಅಲ್ಯೂಮಿನಿಯಂ ತಿಂದದ್ದು. ಇಲ್ಲಿನ ಬಂಕ್‌ಗಳಲ್ಲಿ ಸಿಗುವ ಮಾಮೂಲಿ ಪೆಟ್ರೋಲಿನಲ್ಲಿ 10 ಪರ್ಸೆಂಟ್ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತು ತೇವ ಜಾಸ್ತಿಯಾದರೆ ನೀರು, ಎಥನಾಲ್ ಎರಡೂ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ.

ಮುಖ್ಯ ಜೆಟ್ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ದುಂಡಗೆ ಬೆಳಕು ಕಾಣಬೇಕಾದ ಕಡೆ ಉಗುರಿನ ಅಂಚಿನಷ್ಟು ಗೆರೆ ಮಾತ್ರ ಕಂಡಿತು. ಕ್ಲೀನರ್ ಸ್ಪ್ರೇ ಹೊಡೆದು ಹತ್ತು ನಿಮಿಷ ಬಿಟ್ಟು, ತಾಮ್ರದ ವೈರಿನ ಒಂದು ಎಳೆ ತೂರಿಸಿದೆ. ಡ್ರಿಲ್ ಬಿಟ್, ದಪ್ಪ ಪಿನ್ನು ಬೇಡವೇ ಬೇಡ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಅಳತೆ ಹಾಳು. ಜೆಟ್ಟಿನ ಮೇಲೆ ಪೆಟ್ರೋಲಿಗೆ ಗಾಳಿ ಬೆರೆಸುವ ಎಮಲ್ಷನ್ ಟ್ಯೂಬಿನ ಪಕ್ಕದಲ್ಲಿ ಸಾಲಾಗಿ ಸಣ್ಣ ತೂತುಗಳಿರುತ್ತವೆ. ಒಂದೊಂದನ್ನೂ ಬಿಡಿಸಿದೆ. ಕನ್ನಡಕ ಹಾಕಿಕೊಳ್ಳಿ, ಸ್ಪ್ರೇ ಇನ್ನೊಂದು ತೂತಿನಿಂದ ಸೀದಾ ಕಣ್ಣಿಗೆ ಹಾರುತ್ತದೆ.

ಕೂರಿಸಿದೆ. ಸ್ಟಾರ್ಟ್ ಆಯಿತು, ಚೋಕ್ ಬಿಟ್ಟರೂ ಓಡಿತು. ಅರ್ಧ ಹುಲ್ಲು ಕತ್ತರಿಸಿ ಖುಷಿಯಲ್ಲಿ ಒಳಗೆ ಬಂದೆ.

ಮಾರನೆ ಬೆಳಿಗ್ಗೆ ಗ್ಯಾರೇಜ್ ತುಂಬ ಪೆಟ್ರೋಲ್ ವಾಸನೆ. ಏರ್ ಫಿಲ್ಟರ್ ಕೆಳಗಿಂದ ತೊಟ್ಟಿಕ್ಕುತ್ತಿತ್ತು. ಆಯಿಲ್ ಕಡ್ಡಿ ಎಳೆದು ನೋಡಿದರೆ ಮಟ್ಟ ಗೆರೆಗಿಂತ ಮೇಲೆ, ನೀರಿನಷ್ಟು ತೆಳ್ಳಗೆ, ಮೂಗಿಗೆ ಹಿಡಿದರೆ ಪೆಟ್ರೋಲ್. ನನಗೆ ನಿಜವಾಗಿ ಭಯವಾದದ್ದು ಆಗ. ಬೌಲ್ ತುಂಬಿದಾಗ ತೇಲುವ ಫ್ಲೋಟ್ ಒಂದು ಸೂಜಿಯನ್ನು ಮೇಲೆ ಒತ್ತಿ ಪೆಟ್ರೋಲ್ ನಿಲ್ಲಿಸಬೇಕು. ಆ ಸೂಜಿ ಸರಿಯಾಗಿ ಕೂರದಿದ್ದರೆ ಟ್ಯಾಂಕಿನಲ್ಲಿದ್ದದ್ದು ರಾತ್ರಿಯೆಲ್ಲ ಇಳಿದು ಸಿಲಿಂಡರ್ ದಾಟಿ ಆಯಿಲ್‌ಗೆ ಸೇರುತ್ತದೆ. ಪೆಟ್ರೋಲ್ ಬೆರೆತ ಆಯಿಲ್‌ನಲ್ಲಿ ಓಡಿಸಿದರೆ ಬೇರಿಂಗ್ ಉಳಿಯುವುದಿಲ್ಲ.

ಮತ್ತೆ ಬಿಚ್ಚಿದೆ. ಸೂಜಿಯ ತುದಿಯಲ್ಲಿ ಉಂಗುರದ ಹಾಗೆ ಗೀರು. ಅದನ್ನು ಬದಲಾಯಿಸಬಹುದಿತ್ತು. ಆದರೆ ಟಾರ್ಚ್ ಬಿಟ್ಟು ನೋಡಿದಾಗ ಸೂಜಿ ಕೂರುವ ಜಾಗವೇ ಬಿಳಿ ಪುಡಿ ತಿಂದು ಕುಳಿಕುಳಿಯಾಗಿತ್ತು. ಬರೀ ಅಂಟು ಇದ್ದರೆ ತೊಳೆಯಿರಿ, ಲೋಹವೇ ತಿಂದುಹೋಗಿದ್ದರೆ ಹೊಸದು ಹಾಕಿ. ಕುಳಿ ಬಿದ್ದ ಕಡೆ ಎಷ್ಟು ಉಜ್ಜಿದರೂ ಸೋರುತ್ತದೆ.

ಹೊಸದು ತರಿಸುವಾಗ ಗಾಡಿಯ ಹೆಸರು ಸಾಕಾಗುವುದಿಲ್ಲ. ಎಂಜಿನ್ ಕವರಿನ ಮೇಲೆ ಒತ್ತಿರುವ ಮಾಡೆಲ್, ಟೈಪ್, ಕೋಡ್ ಮೂರೂ ಬೇಕು. ಒಂದೇ ಹಾಗೆ ಕಂಡರೂ ಚೋಕಿನ ಕೈ ತಿರುಗುವ ದಿಕ್ಕು, ಸೊಲೆನಾಯ್ಡ್ ಬೇರೆ ಇರುತ್ತವೆ. ಬಂದದ್ದನ್ನು ಹಳೆಯದರ ಪಕ್ಕ ಇಟ್ಟು ತೂತು ತೂತು ಹೋಲಿಸಿ ನೋಡಿದೆ. ಸಂದಿ ಮುಚ್ಚುವ ಹಳೆಯ ಗ್ಯಾಸ್ಕೆಟ್ ಮತ್ತೆ ಹಾಕಲಿಲ್ಲ. ಅಲ್ಲಿಂದ ಗಾಳಿ ಸೋರಿದರೆ ಎಂಜಿನ್ ಏರಿ ಇಳಿದು, ಏರಿ ಇಳಿದು ಒದ್ದಾಡುತ್ತದೆ. ಎರಡು ಬೋಲ್ಟನ್ನೂ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಪೈಪ್, ಫಿಲ್ಟರ್ ಹೊಸದು. ಫಿಲ್ಟರಿನ ಬಾಣದ ಗುರುತು ಕಾರ್ಬೊರೇಟರ್ ಕಡೆ ಇರಬೇಕು. ಪೈಪಿನ ನಡುವೆ ಒಂದು ಸಣ್ಣ ನಲ್ಲಿಯನ್ನೂ ಸೇರಿಸಿದೆ. ಟ್ಯಾಂಕ್ ಖಾಲಿ ಮಾಡಿ ಹೊಸ ಪೆಟ್ರೋಲ್ ತುಂಬಿಸಿದೆ. ಆಯಿಲ್ ಪೂರ್ತಿ ಬಸಿದು, ಸುಮಾರು ಒಂದೂವರೆ ಲೀಟರ್ ಎಸ್‌ಎಇ 30 ಗ್ರೇಡಿನ ಹೊಸ ಆಯಿಲ್ ಹಾಕಿದೆ.

ಬೌಲ್ ತುಂಬಲು ಸ್ವಲ್ಪ ಹೊತ್ತು ಬಿಟ್ಟು ಕೀ ತಿರುಗಿಸಿದೆ. ಮೂರನೇ ಸಲಕ್ಕೆ ಹಿಡಿಯಿತು. ಬ್ಲೇಡ್ ಹಾಕಿದರೂ ಸದ್ದು ಕುಗ್ಗಲಿಲ್ಲ. ಮಾರನೆ ಬೆಳಿಗ್ಗೆ ಎದ್ದ ಕೂಡಲೇ ಹೋಗಿ ಆಯಿಲ್ ಕಡ್ಡಿ ನೋಡಿದೆ. ಮಟ್ಟ ಹಾಕಿದಷ್ಟೇ ಇತ್ತು.

ಊರಲ್ಲಿ ಅಣ್ಣ ಅಡಿಕೆ ತೋಟಕ್ಕೆ ಕಳೆ ಹೊಡೆಯುವ ಮಿಷನ್ ಇಟ್ಟಿದ್ದಾನೆ. ಅದು ಭುಜಕ್ಕೆ ಹಾಕುವಂಥದ್ದು, ಕಾರ್ಬೊರೇಟರ್‌ನಲ್ಲಿ ಬೌಲ್ ಬದಲು ಡಯಾಫ್ರಮ್ ಅನ್ನುವ ತೆಳ್ಳಗಿನ ಪೊರೆ ಇರುತ್ತದೆ. ಅಲ್ಲೂ ಈಗ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್, ಅಲ್ವಾ? ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವ ತನಕ ಓಡಿಸಿ ಇಡು ಅಂತ ಅವನಿಗೆ ಹೇಳಿದ್ದೇನೆ.

ನಾನೂ ಹಾಗೇ ಮಾಡುತ್ತೇನೆ. ಅಕ್ಟೋಬರ್ ಕೊನೆಯಲ್ಲಿ ಕೊನೆಯ ಸಲ ಹುಲ್ಲು ಕತ್ತರಿಸಿ, ಎಂಜಿನ್ ಓಡುತ್ತಿರುವಾಗಲೇ ಆ ಸಣ್ಣ ನಲ್ಲಿ ಮುಚ್ಚುತ್ತೇನೆ. ಕೆಲವು ನಿಮಿಷ ಓಡಿ, ಒಂದು ಸಲ ಏರಿ, ನಿಲ್ಲುತ್ತದೆ. ಆಮೇಲೆ ಸೊಲೆನಾಯ್ಡ್ ಸಡಿಲಿಸಿ, ಬೌಲ್‌ನ ತಳದಲ್ಲಿ ಉಳಿದ ನಾಲ್ಕು ಹನಿಯನ್ನೂ ಬಟ್ಟೆಯಲ್ಲಿ ಒರೆಸಿ ಬಾಗಿಲು ಹಾಕುತ್ತೇನೆ.