‘ಉದ್ಯಮ’ ಎಂಬ ಒಂದೇ ಪದವನ್ನು ಕೋರ್ಟ್ ಓದಿದ ಬಗೆ

ಬೆಂಗಳೂರು ಜಲಮಂಡಳಿ ಕೆಲವು ನೌಕರರಿಗೆ ದುರ್ನಡತೆಯ ಕಾರಣಕ್ಕೆ ದಂಡ ಹಾಕಿತ್ತು. ಸಹಜ ನ್ಯಾಯ, ಅಂದರೆ ಶಿಕ್ಷೆಗೆ ಮುನ್ನ ಅಹವಾಲು ಕೇಳುವ ನಿಯಮ, ಪಾಲಿಸಿಲ್ಲ ಎಂದು ಅವರು ಕಾರ್ಮಿಕ ನ್ಯಾಯಾಲಯದ ಮೆಟ್ಟಿಲೇರಿದರು. ಮಂಡಳಿಯ ತಕರಾರು: ನಾವು ‘ಉದ್ಯಮ’ವೇ ಅಲ್ಲ, 1947ರ ಕೈಗಾರಿಕಾ ವಿವಾದಗಳ ಕಾಯ್ದೆ ನಮಗೆ ಅನ್ವಯಿಸದು. 1978ರಲ್ಲಿ ಸುಪ್ರೀಂ ಕೋರ್ಟ್‌ನ ಏಳು ನ್ಯಾಯಮೂರ್ತಿಗಳ ಪೀಠ ಈ ಗಂಟನ್ನು ಬಿಡಿಸಿತು. ಕಾನೂನು ಓದಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಪೆನ್ಸಿಲ್ ಹಿಡಿದು ಕುಳಿತುಕೊಳ್ಳಿ. ಮೊದಲು ವ್ಯಾಖ್ಯೆಯ ಕಲಂ 2(ಜೆ) ತೆರೆದು ಎರಡು ಪದಗಳಿಗೆ ಗೆರೆ ಎಳೆಯಿರಿ. ಉದ್ಯಮ ‘ಎಂದರೆ’ ಮಾಲೀಕರ ವ್ಯವಹಾರ, ವ್ಯಾಪಾರ, ತಯಾರಿಕೆ ಮುಂತಾದವು. ಅದು ಕಾರ್ಮಿಕರ ಸೇವೆ, ಉದ್ಯೋಗ, ಕೈಕಸುಬುಗಳನ್ನೂ ‘ಒಳಗೊಳ್ಳುತ್ತದೆ’. ‘ಎಂದರೆ’ ಬೇಲಿ ಹಾಕುತ್ತದೆ, ‘ಒಳಗೊಳ್ಳುತ್ತದೆ’ ಆ ಬೇಲಿಯನ್ನು ಆಚೆಗೆ ಸರಿಸುತ್ತದೆ. ಅವಸರದಲ್ಲಿ ಓದುವವರು ದಾಟಿಹೋಗುವುದು ಇದನ್ನೇ.

ಆಮೇಲೆ ಅಕ್ಕಪಕ್ಕದ ಪದಗಳನ್ನು ನೋಡಿ. ಪದದ ಗುಣ ಅದರ ಸಂಗಾತಿಗಳಿಂದ ತಿಳಿಯುತ್ತದೆ ಎಂಬ ಹಳೆಯ ಸೂತ್ರವಿದೆ. ಹಾಗಾದರೆ ‘ವ್ಯಾಪಾರ’ದ ಜೊತೆ ಕುಳಿತ ‘ಸೇವೆ’ಗೂ ವ್ಯಾಪಾರದ್ದೇ ಬಣ್ಣವೇ? ಅಲ್ಲ, ಶಾಸಕಾಂಗ ಬೇಕೆಂದೇ ವಿಶಾಲ ಪದ ಬಳಸಿದಾಗ ಈ ಸೂತ್ರದಿಂದ ಅದನ್ನು ಕುಗ್ಗಿಸಬಾರದು ಎಂದು ಹಾಸ್ಪಿಟಲ್ ಮಜ್ದೂರ್ ಸಭಾ ಪ್ರಕರಣದಲ್ಲಿ, 1960ರಲ್ಲೇ, ಕೋರ್ಟ್ ಹೇಳಿತ್ತು.

ಇನ್ನು ಉದ್ದೇಶ. ಇಂಗ್ಲೆಂಡಿನಲ್ಲಿ 1584ರ ಹೇಡನ್ ಪ್ರಕರಣದಿಂದ ಬಂದ ಪ್ರಶ್ನೆ ಇಂದಿಗೂ ಹರಿತವಾಗಿದೆ: ಯಾವ ಕೇಡನ್ನು ನೀಗಿಸಲು ಈ ಕಾಯ್ದೆ ಬಂತು? ಇಲ್ಲಿ ಉತ್ತರ, ಮಾಲೀಕ ಮತ್ತು ಕಾರ್ಮಿಕರ ನಡುವಿನ ಜಗಳ ನ್ಯಾಯವಾಗಿ ಬಗೆಹರಿಯಲಿ ಎಂಬುದು. ಸಂಸ್ಥೆ ಲಾಭಕ್ಕೆ ನಡೆಯಲಿ, ಸೇವೆಗೆ ನಡೆಯಲಿ, ಕೊಳವೆ ದುರಸ್ತಿ ಮಾಡುವವನ ಬೆವರು ಬೇರೆಯಾಗುವುದಿಲ್ಲ. ಈ ಪೀಠದ ಬಹುಮತದ ಮುಖ್ಯ ತೀರ್ಪು ಬರೆದ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಮೂರು ಒರೆಗಲ್ಲು ಇಟ್ಟರು: ಕ್ರಮಬದ್ಧ ಚಟುವಟಿಕೆ, ಮಾಲೀಕ ಮತ್ತು ನೌಕರರ ಸಹಕಾರ, ಜನರ ಬೇಕುಗಳನ್ನು ಪೂರೈಸುವ ಸರಕು ಅಥವಾ ಸೇವೆ. ಲಾಭದ ಉದ್ದೇಶ ಅಪ್ರಸ್ತುತ, ಹಾಗಾಗಿ ಜಲಮಂಡಳಿಯೂ ಉದ್ಯಮವೇ ಎಂದರು.

ಕೊನೆಗೆ ಹಿಂದಿನ ತೀರ್ಪುಗಳನ್ನು ಎದುರಿಗಿಟ್ಟುಕೊಳ್ಳಿ. ಆಸ್ಪತ್ರೆ ಉದ್ಯಮವಲ್ಲ ಎಂದಿದ್ದ 1970ರ ಸಫ್ದರ್‌ಜಂಗ್ ತೀರ್ಪನ್ನು ಈ ಪೀಠ ಬದಿಗೆ ಸರಿಸಿತು. ದೊಡ್ಡ ಪೀಠಕ್ಕೆ ಆ ಅಧಿಕಾರವಿದೆ. ಆದರೂ ಗಡಿ ಇಲ್ಲದಿಲ್ಲ: ಕಾನೂನು ರಚನೆ, ನ್ಯಾಯದಾನ, ದೇಶರಕ್ಷಣೆಯಂಥ ಸರ್ಕಾರದ ಸಾರ್ವಭೌಮ ಕಾರ್ಯಗಳು ಹೊರಗೇ ಉಳಿದವು. ಇಬ್ಬರು ನ್ಯಾಯಮೂರ್ತಿಗಳು ಭಿನ್ನಮತ ಬರೆದರು. ಅದನ್ನೂ ಓದಿ; ಬಹುಮತದ ಓದು ಪದದ ಅರ್ಥವನ್ನು ಎಲ್ಲಿ ಅತಿಯಾಗಿ ಹಿಗ್ಗಿಸಿದೆ ಎಂಬುದು ಅಲ್ಲಿಯೇ ಕಾಣುತ್ತದೆ.

ಸಂಸತ್ತು 1982ರಲ್ಲಿ ವ್ಯಾಖ್ಯೆಯನ್ನೇ ತಿದ್ದಿ ಆಸ್ಪತ್ರೆ, ಶಿಕ್ಷಣ ಸಂಸ್ಥೆಗಳನ್ನು ಹೊರಗಿಟ್ಟಿತು. ಆದರೆ ಆ ತಿದ್ದುಪಡಿಯನ್ನು ಸರ್ಕಾರ ಜಾರಿಗೆ ತರಲೇ ಇಲ್ಲ. ದಶಕಗಳ ಕಾಲ ಕಾರ್ಮಿಕ ನ್ಯಾಯಾಲಯಗಳಲ್ಲಿ ನಡೆದದ್ದು ನ್ಯಾಯಮೂರ್ತಿಗಳು ಓದಿದ ಅರ್ಥವೇ.