ಕ್ಯಾಶುಯಲ್ಟಿಯಲ್ಲಿ ದನಿ ಏರಿದಾಗ ಏನು ಮಾಡಬೇಕು?

ಮಳವಳ್ಳಿಯಿಂದಲೋ ನಾಗಮಂಗಲದಿಂದಲೋ ರಾತ್ರಿ ಹೊತ್ತು ಒಬ್ಬ ರೋಗಿಯನ್ನು ಮಂಡ್ಯದ ಮಿಮ್ಸ್‌ಗೆ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಕರೆತಂದರೆ ಜತೆಗೆ ಮನೆಯವರು, ಅಕ್ಕಪಕ್ಕದವರು, ಊರಿನ ಮುಖಂಡರು ಎಲ್ಲ ಬರುತ್ತಾರೆ. ಅಷ್ಟರಲ್ಲಿ ಅವರು ತಾಲ್ಲೂಕು ಆಸ್ಪತ್ರೆಗೆ ಹೋಗಿ, ‘ಇಲ್ಲಿ ಆಗಲ್ಲ, ಮುಂದಕ್ಕೆ ಕರ್ಕೊಂಡು ಹೋಗಿ’ ಅನ್ನಿಸಿಕೊಂಡು ಹೆದರಿರುತ್ತಾರೆ. ಒಳಗಿರುವ ಹೌಸ್ ಸರ್ಜನ್ ಸರಿಯಾಗಿ ನಿದ್ದೆ ಮಾಡಿರುವುದಿಲ್ಲ. ಇಷ್ಟಿದ್ದರೂ ಹೆಚ್ಚಿನ ಜಗಳಗಳು ಇದ್ದಕ್ಕಿದ್ದಂತೆ ಏಳುವುದಿಲ್ಲ. ಯಾರೂ ಏನೂ ಹೇಳದೆ ಕಳೆದ ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ಅವು ಬೆಳೆಯುತ್ತವೆ. ಆ ಹೊತ್ತಿನಲ್ಲಿ ಏನು ಹೇಳಬೇಕು, ಹೇಳಿದ ಮೇಲೂ ದನಿ ಏರಿದರೆ ಏನು ಮಾಡಬೇಕು ಎಂಬುದು ಸಿಸ್ಟರ್‌ಗಳು, ಡ್ಯೂಟಿ ಡಾಕ್ಟರುಗಳು, ಬಾಗಿಲಲ್ಲಿ ನಿಲ್ಲುವ ಸೆಕ್ಯೂರಿಟಿಯವರು ಎಲ್ಲರೂ ಕಲಿಯಬಹುದಾದ ಕೆಲಸ. ರೋಗಿಯ ಕಡೆಯವರು ತಿಳಿದಿರಬೇಕಾದ್ದನ್ನೂ ಮುಂದೆ ಕೊಟ್ಟಿದ್ದೇವೆ.

ಹೆಜ್ಜೆ 1: ಮಾತಾಡಲು ಒಬ್ಬರನ್ನು ಗುರುತಿಸಿ, ಹೊತ್ತು ಹೇಳಿ

ರೋಗಿಯನ್ನು ಟ್ರಾಲಿಯಿಂದ ಬೆಡ್ಡಿಗೆ ಹಾಕುತ್ತಿರುವಾಗಲೇ ಒಬ್ಬ ಸಿಸ್ಟರ್ ಹೊರಗೆ ಬಂದು, ‘ಪೇಷೆಂಟ್‌ಗೆ ನೀವು ಏನಾಗಬೇಕು?’ ಎಂದು ಕೇಳಲಿ. ಮನೆಯವರೇ ಒಬ್ಬರನ್ನು ಆರಿಸಿಕೊಳ್ಳಲಿ. ಅವರ ಹೆಸರು, ಸಂಬಂಧ, ಮೊಬೈಲ್ ನಂಬರನ್ನು ಕೇಸ್ ಶೀಟಿನ ಮೊದಲ ಪುಟದಲ್ಲಿ ಬರೆಯಿರಿ. ಜೋರಾಗಿ ಮಾತಾಡುವವರೇ ಹತ್ತಿರದ ಸಂಬಂಧಿ ಆಗಿರಬೇಕೆಂದಿಲ್ಲ. ಹೆಂಡತಿ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಾರೆ, ದೂರದ ನೆಂಟರು ಬಾಗಿಲು ತಟ್ಟುತ್ತಿರುತ್ತಾರೆ. ಆಮೇಲೆ ಎಲ್ಲ ಸುದ್ದಿಯೂ ಗುರುತಿಸಿದ ಆ ಒಬ್ಬರಿಗೇ ಹೋಗಬೇಕು. ಮೂವರಿಗೆ ಮೂವರು ಡಾಕ್ಟರು ಮೂರು ರೀತಿ ಹೇಳಿದರೆ ಆ ಮೂರೂ ಮಾತು ಆಸ್ಪತ್ರೆ ಆಚೆಯ ಟೀ ಅಂಗಡಿ ಮುಂದೆ ಸೇರಿಕೊಳ್ಳುತ್ತವೆ. ‘ಇವರು ಏನೋ ಮುಚ್ಚಿಡ್ತಾವ್ರೆ’ ಎಂಬ ಅನುಮಾನ ಅಲ್ಲಿಂದಲೇ ಶುರುವಾಗುತ್ತದೆ.

ಅಮ್ಮ, ಅಣ್ಣ, ಯಜಮಾನ್ರೇ ಎಂದು ಕರೆಯಿರಿ. ಇಪ್ಪತ್ತೈದರ ಡಾಕ್ಟರು ಅರವತ್ತರ ರೈತರಿಗೆ ‘ಹೋಗಯ್ಯ ಆಚೆ’ ಅಂದರೆ ಮುಂದೆ ಎಷ್ಟು ಒಳ್ಳೆಯ ಚಿಕಿತ್ಸೆ ಕೊಟ್ಟರೂ ಅವರ ಜತೆ ಬಂದ ಮಗ ಅದನ್ನು ಮರೆಯುವುದಿಲ್ಲ.

ಹೊತ್ತು ಹೇಳುವಾಗ ಎಚ್ಚರ ಇರಲಿ. ‘ಹತ್ತು ನಿಮಿಷಕ್ಕೆ ಬರ್ತೀನಿ’ ಎಂದು ನಲವತ್ತು ನಿಮಿಷ ಬಾರದಿರುವುದು ಏನೂ ಹೇಳದಿರುವುದಕ್ಕಿಂತ ಕೆಟ್ಟದ್ದು. ಹೀಗೆ ಹೇಳಬಹುದು: ‘ಬ್ಲಡ್ ರಿಪೋರ್ಟ್ ಬರೋಕೆ ಒಂದು ಗಂಟೆ ಬೇಕು. ಅರ್ಧ ಗಂಟೆ ಆದ್ಮೇಲೆ ನಾನು ಅಥವಾ ಸಿಸ್ಟರ್ ಬಂದು ಹೆಂಗಿದಾರೆ ಅಂತ ಹೇಳ್ತೀವಿ.’ ಅರ್ಧ ಗಂಟೆಗೆ ಹೊಸ ಸುದ್ದಿ ಏನೂ ಇಲ್ಲದಿದ್ದರೂ ಹೋಗಿ, ‘ರಿಪೋರ್ಟ್ ಇನ್ನೂ ಬಂದಿಲ್ಲ, ಬಿಪಿ ಮೊದಲಿನಂಗೇ ಇದೆ’ ಅನ್ನಿ. ಎರಡು ವಾಕ್ಯ ಸಾಕು.

ಆಮೇಲೆ ಬಂದವರನ್ನು ಮೊದಲು ಒಳಗೆ ಕರೆದೊಯ್ದಾಗಲೂ ಕೋಪ ಬರುತ್ತದೆ. ಕೆಂಪು, ಹಳದಿ, ಹಸಿರು ಎಂದು ರೋಗಿಗಳನ್ನು ವಿಂಗಡಿಸುವ ಕ್ರಮವನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆಸಿ, ಕಾಯುವವರ ಕಣ್ಣಿಗೆ ಬೀಳುವ ಗೋಡೆಗೆ ಹಾಕಿ: ಜೀವಕ್ಕೆ ಅಪಾಯ ಇದ್ದರೆ ಕೆಂಪು, ಅವರು ಮೊದಲು. ಸ್ವಲ್ಪ ಕಾಯಬಹುದಾದವರು ಹಳದಿ. ನಡೆದಾಡುವ ಸ್ಥಿತಿಯಲ್ಲಿರುವವರು ಹಸಿರು. ಬೋರ್ಡು ತೋರಿಸಿ ಹೇಳಿದರೆ ಅದು ಡಾಕ್ಟರ ಇಷ್ಟಾನಿಷ್ಟದಂತೆ ಕಾಣುವುದಿಲ್ಲ.

ಹೆಜ್ಜೆ 2: ಮುಂದೆ ಆಗಬಹುದಾದ್ದನ್ನು ಇವತ್ತೇ ಹೇಳಿ

ಎಲ್ಲಕ್ಕಿಂತ ಹೆಚ್ಚು ಜಗಳ ತಪ್ಪಿಸುವ ಹೆಜ್ಜೆ ಇದು. ನಮ್ಮ ಭಾಗದಲ್ಲಿ ಮತ್ತೆ ಮತ್ತೆ ಬರುವ ಕೆಲವು ಕೇಸುಗಳಲ್ಲಿ ಜಗಳ ಯಾವಾಗ ಏಳುತ್ತದೆಂದು ಮೊದಲೇ ಹೇಳಬಹುದು.

ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿ ಬಂದವರನ್ನು ತೆಗೆದುಕೊಳ್ಳಿ. ಬಂದ ಕೂಡಲೇ ಇಂಜೆಕ್ಷನ್ ಕೊಡಲಿಲ್ಲ ಎಂದು ಮನೆಯವರು ಕೂಗಾಡುತ್ತಾರೆ. ಕಚ್ಚಿದ ಹಾವೆಲ್ಲ ವಿಷ ಬಿಟ್ಟಿರುವುದಿಲ್ಲ. ವಿಷನಿರೋಧಕ ಔಷಧಿಯಿಂದಲೇ ಕೆಲವರಿಗೆ ಜೀವಕ್ಕೆ ಕುತ್ತು ತರುವಂಥ ಅಲರ್ಜಿ ಆಗಬಹುದು. ಅದಕ್ಕೇ ವಿಷದ ಲಕ್ಷಣ ನೋಡಿ ಕೊಡುವುದು. ಮಂಡಲದ ಹಾವಿನ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಒಣಗಿದ, ಶುಚಿಯಾದ ಗಾಜಿನ ಕೊಳವೆಗೆ 2 ಮಿ.ಲೀ. ರಕ್ತ ಹಾಕಿ, ಅಲ್ಲಾಡಿಸದೆ 20 ನಿಮಿಷ ಇಟ್ಟು ಓರೆ ಮಾಡಿ ನೋಡುತ್ತಾರೆ. ಈ 20 ನಿಮಿಷವೇ ಜಗಳದ ಹೊತ್ತು. ಹಾಗಾಗಿ ಮನೆಯವರಲ್ಲಿ ಒಬ್ಬರನ್ನು ಒಳಗೆ ಕರೆದು ಕೊಳವೆ ತೋರಿಸಿ: ‘ಇದು ಹೆಪ್ಪುಗಟ್ಟದೆ ನೀರಾಗೇ ಉಳಿದ್ರೆ ತಕ್ಷಣ ಔಷಧಿ ಶುರು ಮಾಡ್ತೀವಿ. ಹೆಪ್ಪುಗಟ್ಟಿದ್ರೂ ಬಿಟ್ಟು ಕಳಿಸಲ್ಲ, ಮತ್ತೆ ಮತ್ತೆ ಟೆಸ್ಟ್ ಮಾಡ್ತೀವಿ.’ ನಾಗರ, ಕಟ್ಟುಹಾವು ಕಚ್ಚಿದ್ದರೆ ಈ ಟೆಸ್ಟಿಗೆ ಸಿಗುವುದಿಲ್ಲ. ರೆಪ್ಪೆ ಜೋತು ಬೀಳುವುದು, ನುಂಗಲು ಕಷ್ಟವಾಗುವುದು, ಉಸಿರು ಕಟ್ಟುವುದು ಅದರ ಗುರುತು. ರೆಪ್ಪೆ ಇಳಿಯುತ್ತಿದೆಯಾ ಎಂದು ನೋಡುವ ಕೆಲಸವನ್ನು ಜತೆಗಿರುವ ಒಬ್ಬರಿಗೂ ವಹಿಸಿ. ಕೈಗೆ ಕೆಲಸ ಸಿಕ್ಕಿದವರು ಬಾಗಿಲು ಬಡಿಯುವುದು ಕಡಿಮೆ.

ಕೀಟನಾಶಕ ಕುಡಿದು ಬಂದವರ ವಿಷಯ ಇದಕ್ಕಿಂತ ಸೂಕ್ಷ್ಮ. ಆರ್ಗನೋಫಾಸ್ಫರಸ್ ಗುಂಪಿನ ಔಷಧಿ ಕುಡಿದವರು ಮೊದಲ ದಿನದ ಚಿಕಿತ್ಸೆಗೆ ಚೇತರಿಸಿಕೊಂಡು ಮಾತಾಡಿರುತ್ತಾರೆ. ಆಮೇಲೆ ಒಂದರಿಂದ ನಾಲ್ಕು ದಿನದೊಳಗೆ ಕತ್ತು ಮತ್ತು ಉಸಿರಾಟದ ಸ್ನಾಯುಗಳು ಸೋತು ವೆಂಟಿಲೇಟರ್ ಬೇಕಾಗಬಹುದು. ‘ನಿನ್ನೆ ಚೆನ್ನಾಗಿ ಮಾತಾಡ್ತಿದ್ರು, ಇವತ್ತು ನೀವೇ ಏನೋ ಮಾಡಿದ್ರಿ’ ಎಂಬ ಮಾತು ಬರುವುದು ಆಗ. ಮೊದಲ ದಿನವೇ ಇದನ್ನು ಹೇಳಿ, ಹೇಳಿದ್ದನ್ನು ಹೊತ್ತು ಸಮೇತ ಕೇಸ್ ಶೀಟಿನಲ್ಲಿ ಬರೆದು, ಕೇಳಿಸಿಕೊಂಡವರ ಸಹಿ ಹಾಕಿಸಿಕೊಳ್ಳಿ. ಇನ್ನೊಂದು ಮಾತನ್ನೂ ಸೇರಿಸಬೇಕು. ವಿಷ ಇಳಿಸಲು ಕೊಡುವ ಅಟ್ರೋಪಿನ್‌ನಿಂದ ಬಾಯಿ ಒಣಗಿ ರೋಗಿ ನೀರಿಗೆ ಹಾತೊರೆಯುತ್ತಾರೆ, ಬಡಬಡಿಸುತ್ತಾರೆ, ಡ್ರಿಪ್ ಕೀಳುತ್ತಾರೆ. ಆಗ ಕೈ ಕಟ್ಟಬೇಕಾಗಿ ಬರಬಹುದು. ಹೇಳದೆ ಕೈ ಕಟ್ಟಿದ್ದನ್ನು ತಾಯಿ ಕಿಟಕಿಯಿಂದ ನೋಡಿದರೆ ಆಮೇಲೆ ಯಾವ ಸಮಜಾಯಿಷಿಯೂ ನಿಲ್ಲುವುದಿಲ್ಲ.

ರೆಫರ್ ಮಾಡುವ ತಾಲ್ಲೂಕು ಆಸ್ಪತ್ರೆಗಳಿಗೂ ಒಂದು ಮಾತು. ಚೀಟಿ ಕೊಟ್ಟು ಕಳಿಸಿದರೆ ಕೆಲಸ ಮುಗಿಯಲಿಲ್ಲ. ವೆಂಟಿಲೇಟರ್ ಬೆಡ್ ಇದೆಯಾ ಎಂದು ಮೊದಲು ಫೋನ್ ಮಾಡಿ, ಯಾರ ಹತ್ತಿರ ಮಾತಾಡಿದಿರೆಂದು ಚೀಟಿಯಲ್ಲೇ ಬರೆಯಿರಿ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿ.ಮೀ. ಆಂಬುಲೆನ್ಸಿನಲ್ಲಿ ಬಂದು ‘ಬೆಡ್ ಇಲ್ಲ’ ಎಂದು ಕೇಳಿದವರು ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳುತ್ತಾರೆ.

ಹೆಜ್ಜೆ 3: ರೋಗಿಯೇ ಗಲಾಟೆ ಮಾಡಿದರೆ ಮೊದಲು ಕಾಯಿಲೆ ಹುಡುಕಿ

ಬೈಯುವ, ಹೊಡೆಯಲು ಬರುವ ರೋಗಿಗೆ ‘ಕುಡುಕ’ ಎಂಬ ಹಣೆಪಟ್ಟಿ ಹಚ್ಚುವ ಮುಂಚೆ ನಾಲ್ಕೈದನ್ನು ನೋಡಲೇಬೇಕು. ಗ್ಲುಕೋಮೀಟರ್‌ನಲ್ಲಿ ಸಕ್ಕರೆ 70ಕ್ಕಿಂತ ಕೆಳಗಿದೆಯಾ? ಆಕ್ಸಿಜನ್ ಎಷ್ಟಿದೆ? ತಲೆಗೆ ಪೆಟ್ಟು ಬಿದ್ದಿದೆಯಾ? ನೋವು ತಡೆಯಲಾಗುತ್ತಿಲ್ಲವಾ? ವಯಸ್ಸಾದ ಗಂಡಸರಲ್ಲಿ ಮೂತ್ರ ಕಟ್ಟಿಕೊಂಡಿದೆಯಾ? ಕಟ್ಟಿದ ಮೂತ್ರವೊಂದೇ ಇಡೀ ರಾತ್ರಿ ಅವರನ್ನು ಒದ್ದಾಡಿಸಬಲ್ಲದು. ಕ್ಯಾತಿಟರ್ (ಮೂತ್ರ ಹೊರಬಿಡುವ ಕೊಳವೆ) ಹಾಕಿದ ಮೇಲೆ ಅವರೇ ಕೈಮುಗಿಯುತ್ತಾರೆ.

ದಿನಾ ಕುಡಿಯುವವರು ಬೇರೆ ಕಾರಣಕ್ಕೆ ಅಡ್ಮಿಟ್ ಆದಾಗ ಕುಡಿತ ತಾನಾಗಿ ನಿಲ್ಲುತ್ತದೆ. ಮೊದಲ ದಿನವೇ ಕೈ ನಡುಕ ಶುರುವಾಗಬಹುದು, ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು-ಮೂರನೇ ದಿನ ಇಲ್ಲದ್ದು ಕಾಣುವುದು, ದಿಕ್ಕು ತಪ್ಪುವುದು, ಹೊಡೆದಾಟ ಬರಬಹುದು. ಇದು ಜೀವ ತೆಗೆಯಬಲ್ಲ ಸ್ಥಿತಿ, ಸೆಕ್ಯೂರಿಟಿ ಕರೆದು ಬಗೆಹರಿಸುವಂಥದ್ದಲ್ಲ. ಹಾಗಾಗಿ ಅಡ್ಮಿಷನ್ನಿನಲ್ಲೇ, ಮಕ್ಕಳ ಮುಂದೆ ಅಲ್ಲ, ಬೇರೆ ಕರೆದು, ‘ಕೊನೇ ಸಲ ಯಾವಾಗ ತಗೊಂಡಿದ್ರಿ?’ ಎಂದು ಸಾಮಾನ್ಯ ದನಿಯಲ್ಲಿ ಕೇಳಿ ಬರೆದಿಡಿ.

ಹೆಜ್ಜೆ 4: ದನಿ ಏರಿದೆ, ಈಗ?

ಎರಡು ಕೈ ಅಳತೆಯಷ್ಟು ದೂರ ನಿಲ್ಲಿ. ಎದುರಾಗಿ ಬೇಡ, ಸ್ವಲ್ಪ ಓರೆಯಾಗಿ. ಬಾಗಿಲು ನಿಮ್ಮ ಬೆನ್ನ ಕಡೆ ಇರಲಿ, ಆದರೆ ಅವರು ಹೊರಗೆ ಹೋಗುವ ದಾರಿಗೆ ಅಡ್ಡ ನಿಲ್ಲಬೇಡಿ. ಕೈ ಕಾಣುವಂತಿರಲಿ. ಕತ್ತಿನ ಸ್ಟೆತಸ್ಕೋಪ್ ತೆಗೆದು ಜೇಬಿಗೆ ಹಾಕಿ, ಎಳೆದರೆ ಉಸಿರು ಕಟ್ಟುತ್ತದೆ. ಕತ್ತರಿ, ಟ್ರೇ, ಡ್ರಿಪ್ ಸ್ಟ್ಯಾಂಡನ್ನು ಇನ್ನೊಬ್ಬರು ಸದ್ದಿಲ್ಲದೆ ದೂರ ಸರಿಸಲಿ. ಮಾತಾಡುವುದು ಒಬ್ಬರೇ. ನಾಲ್ವರು ಬಿಳಿ ಕೋಟಿನವರು ಸುತ್ತುವರಿದರೆ ಸಮಾಧಾನ ಮಾಡಲು ಬಂದರೆಂದು ಯಾರಿಗೂ ಅನ್ನಿಸುವುದಿಲ್ಲ.

ಮೊದಲು ಅವರು ಪೂರ್ತಿ ಹೇಳಲಿ. ನಡುವೆ ಬಾಯಿ ಹಾಕದಿದ್ದರೆ ಹೆಚ್ಚಿನವರ ಬಿರುಸು ತಾನಾಗಿ ಇಳಿಯುತ್ತದೆ. ಆಮೇಲೆ ಅವರು ಹೇಳಿದ್ದನ್ನೇ ತಗ್ಗಿದ ದನಿಯಲ್ಲಿ ತಿರುಗಿ ಹೇಳಿ: ‘ಸ್ಕ್ಯಾನಿಂಗ್‌ಗೆ ಬರೆದು ಎರಡು ಗಂಟೆ ಆಯ್ತು, ಇನ್ನೂ ಕರೆದಿಲ್ಲ ಅಂತೀರಿ. ಸರಿ, ಕಾದಿದೀರಿ.’ ತಡ ಆಗಿದ್ದರೆ ಆಗಿದೆ ಎಂದು ಒಪ್ಪಿಕೊಳ್ಳಿ. ಆಮೇಲೆ ಎರಡು ದಾರಿ ಮುಂದಿಡಿ: ‘ನಾನೀಗ ಸ್ಕ್ಯಾನಿಂಗ್‌ಗೆ ಫೋನ್ ಮಾಡ್ತೀನಿ, ಇಲ್ಲಾ ನೀವೊಬ್ಬರು ನನ್ ಜತೆ ಬನ್ನಿ, ಅಲ್ಲೇ ಕೇಳೋಣ.’ ‘ಸಮಾಧಾನ ಮಾಡ್ಕೊಳ್ರೀ’, ‘ನಾನೇನ್ ಮಾಡ್ಲಿ’, ‘ಬೇಕಾದ್ರೆ ಪ್ರೈವೇಟ್‌ಗೆ ಹೋಗಿ’ ಎಂಬ ಮೂರನ್ನು ಯಾವ ಶಿಫ್ಟಿನಲ್ಲೂ ಯಾರೂ ಆಡಬಾರದು. ಮೂರನೆಯದಂತೂ ದುಡ್ಡಿಲ್ಲದವರ ಮುಖಕ್ಕೆ ಹೊಡೆದಂತೆ.

ಮೊಬೈಲಿನಲ್ಲಿ ವಿಡಿಯೊ ಮಾಡತೊಡಗಿದರೆ ಫೋನಿಗೆ ಕೈ ಹಾಕಬೇಡಿ, ಜಗಳ ಹೊಡೆದಾಟಕ್ಕೆ ತಿರುಗುವುದು ಬಹಳ ಸಲ ಅಲ್ಲೇ. ‘ಪಕ್ಕದ ಬೆಡ್ಡಿನ ಹೆಣ್ಮಕ್ಕಳು ವಿಡಿಯೊದಲ್ಲಿ ಬೀಳ್ತಾರೆ, ಕಾರಿಡಾರಿಗೆ ಬನ್ನಿ, ಅಲ್ಲಿ ಮಾತಾಡೋಣ’ ಎಂದು ಜಾಗ ಬದಲಿಸಿ. ‘ನಮ್ ಲೀಡರ್ ಲೈನಲ್ಲವ್ರೆ, ಮಾತಾಡಿ’ ಎಂದು ಫೋನ್ ಕೊಟ್ಟರೆ ಹೆಸರು, ಡ್ಯೂಟಿ ಹೇಳಿ, ರೋಗಿಯ ವಿವರ ಫೋನಿನಲ್ಲಿ ಕೊಡಲಾಗದೆಂದು ತಿಳಿಸಿ, ಆರ್‌ಎಂಒ (ಆಸ್ಪತ್ರೆಯ ನಿವಾಸಿ ವೈದ್ಯಾಧಿಕಾರಿ) ಕಚೇರಿಗೆ ದಾಟಿಸಿ.

ಹೆಜ್ಜೆ 5: ಮಾತು ನಿಲ್ಲಿಸಿ ಹೊರಡುವ ಹೊತ್ತು

ಮುಷ್ಟಿ ಬಿಗಿಯುವುದು, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದು, ಬಾಗಿಲಿಗೆ ಅಡ್ಡ ನಿಲ್ಲುವುದು, ಕೈಗೆ ಏನಾದರೂ ಎತ್ತಿಕೊಳ್ಳುವುದು ಕಂಡರೆ ಮಾತು ಸಾಕು. ಸಿಬ್ಬಂದಿಗೆಲ್ಲ ಗೊತ್ತಿರುವ ಒಂದು ಗುಟ್ಟಿನ ಪದವನ್ನು ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಅದನ್ನು ಕೂಗಿದ ಕೂಡಲೇ ಸೆಕ್ಯೂರಿಟಿ ಬರಬೇಕು, ಒಬ್ಬರು 112ಕ್ಕೆ ಫೋನ್ ಮಾಡಬೇಕು, ಉಳಿದವರು ಸಿಸ್ಟರ್ಸ್ ರೂಮಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಳ್ಳಬೇಕು. ಚಿಲಕ ಇಲ್ಲದ ಡ್ಯೂಟಿ ರೂಮು ಇದ್ದರೆ ಈ ವಾರವೇ ಹಾಕಿಸಿ.

ಹೆಜ್ಜೆ 6: ಸಾವಿನ ಸುದ್ದಿ

ಕಾರಿಡಾರಿನಲ್ಲಿ ನಿಂತು ಹೇಳಬೇಡಿ. ಕೂರುವ ಜಾಗ, ಇಬ್ಬರು ಸಿಬ್ಬಂದಿ, ಮನೆಯವರಲ್ಲಿ ಹತ್ತಿರದ ಇಬ್ಬರು-ಮೂವರು ಇರಲಿ. ಹೇಳುವ ಮುಂಚೆ ಕೇಸ್ ಶೀಟ್ ಓದಿಕೊಂಡು ರೋಗಿಯ ಹೆಸರನ್ನು ಸರಿಯಾಗಿ ಬಳಸಿ. ಏನೇನು ಪ್ರಯತ್ನವಾಯಿತೆಂದು ಎರಡು ಮಾತಿನಲ್ಲಿ ಹೇಳಿ, ‘ತೀರಿಕೊಂಡರು’ ಎಂದು ನೇರವಾಗಿ ಹೇಳಿ. ಸತ್ತ ಮೇಲೂ ‘ತುಂಬಾ ಸೀರಿಯಸ್’ ಎಂದು ಎಳೆಯುವುದು, ವೆಂಟಿಲೇಟರ್ ಮೇಲೆ ಸುಮ್ಮನೆ ಇಟ್ಟಿದ್ದರು ಎಂಬ ಆಪಾದನೆಗೆ ನೀವೇ ದಾರಿ ಮಾಡಿಕೊಟ್ಟಂತೆ. ಆಮೇಲೆ ಸುಮ್ಮನಿರಿ. ಅವರು ಅಳಲಿ, ಎದೆ ಬಡಿದುಕೊಳ್ಳಲಿ, ಅದು ಗಲಾಟೆಯಲ್ಲ.

ಅಪಘಾತ, ವಿಷ, ಸುಟ್ಟಗಾಯದ ಸಾವಿನಲ್ಲಿ ಪೊಲೀಸರ ಮಹಜರು, ಮರಣೋತ್ತರ ಪರೀಕ್ಷೆ ಆಗದೆ ದೇಹ ಕೊಡುವಂತಿಲ್ಲ. ಮದುವೆಯಾಗಿ ಏಳು ವರ್ಷದೊಳಗಿನ ಹೆಣ್ಣುಮಗಳಾಗಿದ್ದರೆ ತಹಶೀಲ್ದಾರರು ಬರಬೇಕಾಗುತ್ತದೆ. ಸೌಕರ್ಯವಿರುವ ಕಡೆ ಸೂರ್ಯಾಸ್ತದ ನಂತರವೂ ಪರೀಕ್ಷೆ ಮಾಡಲು 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದೆ. ಆದರೆ ಆತ್ಮಹತ್ಯೆ, ಕೊಲೆಯಂಥ ಪ್ರಕರಣಗಳನ್ನು ಸಾಮಾನ್ಯವಾಗಿ ರಾತ್ರಿ ಮಾಡುವುದಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ಬೆಳಗಿನವರೆಗೆ ಕಾಯಿಸಿದ್ದು ದುಡ್ಡಿಗಾಗಿ ಎಂದು ಅವರಿಗೆ ಅನ್ನಿಸುತ್ತದೆ.

ಖಾಸಗಿ ಆಸ್ಪತ್ರೆಗಳು ಆ ಹೊತ್ತಿನಲ್ಲಿ ಬಿಲ್ಲಿನ ಮಾತೆತ್ತಬಾರದು. ಬಾಕಿ ಇದೆಯೆಂದು ದೇಹ ಹಿಡಿದಿಡುವಂತಿಲ್ಲ, ತುರ್ತು ಚಿಕಿತ್ಸೆಗೆ ಮುಂಗಡ ಕಟ್ಟಲೇಬೇಕೆಂದು ಪಟ್ಟು ಹಿಡಿಯುವಂತಿಲ್ಲ. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಲ್ಲಿ ಇದು ಸ್ಪಷ್ಟವಾಗಿದೆ.

ರೋಗಿಯ ಕಡೆಯವರಿಗೆ

ಹಳೆಯ ಚೀಟಿಗಳು, ತಿನ್ನುವ ಮಾತ್ರೆಯ ಖಾಲಿ ಪಟ್ಟಿ, ಆಧಾರ್, ರೇಷನ್ ಕಾರ್ಡನ್ನು ಒಂದೇ ಕವರಿನಲ್ಲಿ ತನ್ನಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು, ಯೋಜನೆಯಲ್ಲಿ ತುರ್ತು ಎಂದು ಗುರುತಿಸಿದ ಚಿಕಿತ್ಸೆಗೆ ಬೇಡ. ಡಾಕ್ಟರ ಹತ್ತಿರ ಮೂರು ಕೇಳಿ: ಕಾಯಿಲೆ ಏನು, ಇವತ್ತು ಏನು ಮಾಡ್ತೀರಿ, ಮುಂದೆ ಯಾವುದಕ್ಕೆ ನಾವು ತಯಾರಿರಬೇಕು. ತಪ್ಪಾಗಿದೆ ಅನ್ನಿಸಿದರೆ ಆಸ್ಪತ್ರೆಯ ಸೂಪರಿಂಟೆಂಡೆಂಟರಿಗೆ ಬರವಣಿಗೆಯಲ್ಲಿ ದೂರು ಕೊಡಿ. ಖಾಸಗಿ ಆಸ್ಪತ್ರೆಯಾದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರವಿದೆ. ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು.

ಕೈ ಮಾಡಿದರೆ ಮಾತ್ರ ಆ ದೂರು ಅಲ್ಲೇ ಮುಳುಗುತ್ತದೆ. ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಗೆ ಕರ್ನಾಟಕ 2009ರಲ್ಲಿ ಮಾಡಿದ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು, 50 ಸಾವಿರ ರೂಪಾಯಿವರೆಗೆ ದಂಡ ಇದೆ. ಅದು ಜಾಮೀನುರಹಿತ ಅಪರಾಧ. ಒಡೆದ ಉಪಕರಣದ ಬೆಲೆಯ ಎರಡು ಪಟ್ಟು ಕಟ್ಟಬೇಕಾಗುತ್ತದೆ. ಡಾಕ್ಟರು ಮಾತ್ರವಲ್ಲ, ನರ್ಸ್‌ಗಳು, ವೈದ್ಯಕೀಯ ಮತ್ತು ನರ್ಸಿಂಗ್ ವಿದ್ಯಾರ್ಥಿಗಳೂ ಇದರ ರಕ್ಷಣೆಯಲ್ಲಿದ್ದಾರೆ.

ಗಲಾಟೆ ಆದ ಮೇಲೆ

ಬೈಸಿಕೊಂಡ ಸಿಸ್ಟರನ್ನು ತಕ್ಷಣ ಅದೇ ಬೆಡ್ಡಿಗೆ ಕಳಿಸಬೇಡಿ. ಹದಿನೈದು ನಿಮಿಷ ಕೂರಿಸಿ, ನೀರು ಕೊಟ್ಟು, ಏನಾಯಿತೆಂದು ಕೇಳಿ. ತಪ್ಪು ಹುಡುಕುವ ಕೆಲಸ ನಾಳೆಗಿರಲಿ. ಯಾರು, ಎಷ್ಟು ಹೊತ್ತಿಗೆ, ಏನು ಅಂದರು ಎಂಬುದನ್ನು ಆಡಿದ ಮಾತಿನಲ್ಲೇ ಬರೆದಿಡಿ. ದೂರನ್ನು ಆ ಸಿಸ್ಟರ್ ಒಬ್ಬರ ಹೆಗಲಿಗೆ ಬಿಡದೆ ಆಸ್ಪತ್ರೆಯೇ ಕೊಡಲಿ. ಶಿಫ್ಟ್ ಬದಲಾಗುವಾಗ ಬಿಪಿ, ಡ್ರಿಪ್ ಲೆಕ್ಕದ ಜತೆಗೆ ಇದನ್ನೂ ಹೇಳಿ: ಯಾವ ಬೆಡ್ಡಿನವರು ಬೇಸರದಲ್ಲಿದ್ದಾರೆ, ಅವರಲ್ಲಿ ಯಾರ ಹತ್ತಿರ ಮಾತಾಡಬೇಕು, ಎಷ್ಟು ಹೊತ್ತಿಗೆ ಬಂದು ಹೇಳುತ್ತೇವೆಂದು ಅವರಿಗೆ ಮಾತು ಕೊಟ್ಟಿದ್ದೇವೆ.