ಇಬ್ಬರು, ಒಂದು ಕಯಾಕ್, ಒಂದು ಸಣ್ಣ ದ್ವೀಪ

ಉಷ್ಣವಲಯದ ಸಣ್ಣ ದ್ವೀಪದಲ್ಲಿ ಇಬ್ಬರೇ ನಾಲ್ಕು ದಿನ ಮೈ ದಣಿಸಿಕೊಂಡು ಬರಬೇಕೆಂದರೆ ನಾವು ಮೊದಲು ತೆರೆಯುವುದು ಉಬ್ಬರ-ಇಳಿತದ ಪಟ್ಟಿ. ಕೋಣೆ ಕಾಯ್ದಿರಿಸುವುದು ಆಮೇಲೆ. ಕಯಾಕ್ ಎಂಬ ಕಿರಿದಾದ ಹುಟ್ಟುದೋಣಿ, ಸ್ನಾರ್ಕೆಲ್ (ಮುಖ ನೀರಿನಲ್ಲಿಟ್ಟು ಕೊಳವೆಯಿಂದ ಉಸಿರಾಡುತ್ತ ಈಜುವುದು), ಮರಳ ಮೇಲಿನ ಸೈಕಲ್, ಮೂರೂ ನೀರಿನ ಮಟ್ಟ ನೋಡಿಕೊಂಡೇ ಆಗಬೇಕಾದವು. ಹೆಚ್ಚಿನ ಕಡಲುಗಳಲ್ಲಿ ಎರಡು ಉಬ್ಬರಗಳ ನಡುವೆ ಸುಮಾರು 12 ಗಂಟೆ 25 ನಿಮಿಷ. ಇವತ್ತು ಬೆಳಿಗ್ಗೆ 7ಕ್ಕೆ ತುಂಬಿದ ನೀರು ನಾಳೆ ತುಂಬುವುದು 7:50ರ ಹೊತ್ತಿಗೆ. ನಮಗೆ ಬೇಕಾದದ್ದು 8ರಿಂದ 10ರೊಳಗೆ ನೀರು ತುಂಬುವ ಎರಡು ಮೂರು ದಿನ. ಅವು ಅಷ್ಟಮಿಯ ಆಸುಪಾಸಿನಲ್ಲಿ ಬಿದ್ದರೆ ಪುಣ್ಯ, ಏಕೆಂದರೆ ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಉಬ್ಬರದಲ್ಲಿ ಸೆಳೆತ ಜೋರು. ಎಲ್ಲ ದ್ವೀಪಗಳಲ್ಲೂ ಈ ಎರಡು ಕೂಡಿಬರುವುದಿಲ್ಲ. ಕೂಡದಿದ್ದರೆ ಬೆಳಗಿನ ಹೊತ್ತನ್ನೇ ಹಿಡಿದು, ಹವಳದ ದಿಬ್ಬಗಳ ನಡುವಿನ ಕಂಡಿಗಳ ಹತ್ತಿರ ಸುಳಿಯದೆ ಇರುತ್ತೇವೆ.

ಇಬ್ಬರು ಕೂರುವ ಕಯಾಕ್‌ನಲ್ಲಿ ಜಗಳ ಶುರುವಾಗುವುದು ಯಾರು ಎಲ್ಲಿ ಕೂರಬೇಕು ಎಂಬಲ್ಲಿಂದಲೇ. ತೂಕ ಹೆಚ್ಚಿರುವವರು ಹಿಂದೆ. ಮೂತಿ ಭಾರವಾದರೆ ಅದು ಅಲೆಗೆ ಕಚ್ಚಿಕೊಂಡು ದೋಣಿ ಅತ್ತಿತ್ತ ತಿರುಗುತ್ತದೆ. ತಾಳ ಹಾಕುವುದು ಮುಂದಿನವರ ಕೆಲಸ: ಹಿಂದಿನವರಿಗೆ ಮುಂದಿನವರ ಹುಟ್ಟು ಕಾಣುತ್ತದೆ, ಮುಂದಿನವರಿಗೆ ಹಿಂದಿನದು ಕಾಣದು. ಆದ್ದರಿಂದ ಹುಟ್ಟುಗಳು ಒಂದಕ್ಕೊಂದು ಬಡಿದರೆ ತಪ್ಪು ಹಿಂದಿನವರದೇ, ವಾದ ಬೇಡ. ದಿಕ್ಕು ತಿರುಗಿಸುವುದೂ ಹಿಂದಿನವರೇ.

ದಿಬ್ಬಗಳ ಒಳಗಿನ ಶಾಂತ ನೀರಿನಲ್ಲಿ ಗಂಟೆಗೆ 4 ಕಿಲೋಮೀಟರ್ ಹಿಡಿಯುತ್ತೇವೆ. ಸುತ್ತಳತೆ 10 ಕಿಲೋಮೀಟರ್ ಇದ್ದರೆ ಹುಟ್ಟು ಹಾಕುವುದಕ್ಕೇ ಎರಡೂವರೆ ಗಂಟೆ, ಬಿಡುವು ಸೇರಿ ನಾಲ್ಕು. ಬೆಳಕು ಹರಿಯುತ್ತಲೇ ಹೊರಟು ಗಾಳಿಗೆ ಎದುರಾದ ಬದಿಯನ್ನು ಮೊದಲು ದಾಟುತ್ತೇವೆ. ಹೊತ್ತೇರಿದಂತೆ ಗಾಳಿಯೂ ಏರುವುದು ಸಾಮಾನ್ಯ. ಮೋಸವಿರುವುದು ಮರೆಯ ಬದಿಯಲ್ಲಿ. ತೆಂಗಿನ ಮರಗಳ ಹಿಂದೆ ನೀರು ಕನ್ನಡಿಯಂತೆ ಕಾಣುತ್ತದೆ, ಗಾಳಿ ಮಾತ್ರ ದಡದಿಂದ ಕಡಲಿನ ಕಡೆಗೇ ಬೀಸುತ್ತಿರುತ್ತದೆ. ಹೊರಗೆ ಹೋಗುವಾಗ ಎಲ್ಲವೂ ಹಗುರ, ತಿರುಗಿದಾಗಲೇ ತಿಳಿಯುವುದು. ಅದಕ್ಕೆ ಅಲ್ಲಿ ದಡದಿಂದ 100 ಮೀಟರ್ ಮೀರುವುದಿಲ್ಲ. ಅನುಮಾನ ಬಂದರೆ ಅಲ್ಲೇ ತಿರುಗಿ ದಡದ ಕಡೆ ಹತ್ತು ಹುಟ್ಟು ಹಾಕಿ ನೋಡುತ್ತೇವೆ.

ಮೊದಲ ದಿನ ಎದೆಮಟ್ಟದ ನೀರಿನಲ್ಲಿ ಬೇಕೆಂದೇ ಮಗುಚಿ ಹತ್ತುವ ಅಭ್ಯಾಸ ಮಾಡುತ್ತೇವೆ. ಒಬ್ಬರು ಎದುರು ಬದಿಯಿಂದ ಅಂಚನ್ನು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಹೊಟ್ಟೆಯ ಮೇಲೆ ಜಾರಿ ಅಡ್ಡಡ್ಡ ಹತ್ತಿ, ಆಮೇಲೆ ತಿರುಗಿ ಕೂರಬೇಕು. ಇಬ್ಬರೂ ಒಂದೇ ಬದಿಯಿಂದ ಹತ್ತಲು ಹೋದರೆ ದೋಣಿ ಮತ್ತೆ ತಲೆಕೆಳಗೆ. ಮೈಮೇಲೆ ಲೈಫ್ ಜಾಕೆಟ್, ಅದಕ್ಕೆ ಕಟ್ಟಿದ ಸೀಟಿ, ಕೂತಲ್ಲಿ ತಲಾ 3 ಲೀಟರ್ ನೀರು. ಅದರಲ್ಲಿ ಒಂದು ಲೀಟರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಸ್ನಾರ್ಕೆಲ್‌ಗೆ ಇಳಿಯುವುದು ಉಬ್ಬರ ತುಂಬುವ ಅರ್ಧ ಗಂಟೆ ಮೊದಲು, ಏಳುವುದು ಅರ್ಧ ಗಂಟೆ ನಂತರ. ಇಳಿತ ಶುರುವಾದರೆ ದಿಬ್ಬದೊಳಗಿನ ನೀರೆಲ್ಲ ಕಂಡಿಯಿಂದಲೇ ಹೊರನುಗ್ಗುತ್ತದೆ, ಕಾಲಿಗೆ ಫಿನ್ (ಈಜುರೆಕ್ಕೆ) ಹಾಕಿದ್ದರೂ ಎದುರು ಈಜುವುದು ಕಷ್ಟ. ಇಳಿದ ಕೂಡಲೇ ಅಲ್ಲಾಡದೆ ತೇಲಿ, ತಳದ ಕಲ್ಲೊಂದನ್ನು ನೋಡುತ್ತೇವೆ. ಕಲ್ಲು ಯಾವ ಕಡೆ ಸರಿದಂತೆ ಕಾಣುತ್ತದೋ ಸೆಳೆತ ಬರುತ್ತಿರುವುದು ಆ ಕಡೆಯಿಂದ. ಮೊದಲರ್ಧ ಅದರ ಎದುರಿಗೆ, ಬರುವಾಗ ಅದರ ಜೊತೆಗೆ.

ಮಾಸ್ಕ್ ಆರಿಸುವಾಗ ಪಟ್ಟಿ ಹಾಕದೆ ಮುಖಕ್ಕೊತ್ತಿ ಮೂಗಿನಿಂದ ಉಸಿರೆಳೆಯಬೇಕು. ಕೈಬಿಟ್ಟರೂ ಅಂಟಿಕೊಂಡಿದ್ದರೆ ಸರಿ. ಸೋರಿದರೆ ಪಟ್ಟಿ ಬಿಗಿಯುವುದು ಮದ್ದಲ್ಲ: ಅಂಚಿನಡಿ ಸಿಕ್ಕಿದ ಕೂದಲು ತೆಗೆಯಿರಿ, ಮೀಸೆಯಿದ್ದರೆ ಅಲ್ಲಿ ಸ್ವಲ್ಪ ವ್ಯಾಸಲೀನ್. ಹೊಸ ಮಾಸ್ಕ್ ಮಬ್ಬಾಗುವುದು ಗಾಜಿನ ಮೇಲೆ ಉಳಿದ ಜಿಡ್ಡಿನ ಪದರದಿಂದ. ಟೂತ್‌ಪೇಸ್ಟ್‌ನಿಂದ ಒಳಗಾಜು ಉಜ್ಜಿ ತೊಳೆದು, ಪ್ರತಿ ಸಲವೂ ಒಂದು ಹನಿ ಮಕ್ಕಳ ಶಾಂಪೂ ಸವರಿದರೆ ಸಾಕು.

ಉಸಿರು ಹಿಡಿದು ಮುಳುಗುವಾಗ ಒಬ್ಬರು ಕೆಳಗೆ, ಒಬ್ಬರು ಮೇಲೆ. ಮೇಲೆ ಬಂದವರನ್ನು 30 ಸೆಕೆಂಡು ಕಣ್ಣು ಕದಲಿಸದೆ ನೋಡುವುದು ಈ ನಿಯಮದ ಭಾಗವೇ. ಪ್ರಜ್ಞೆ ತಪ್ಪುವುದು ಹಲವು ಸಲ ಮೇಲೆ ಬಂದ ನಂತರ. ಮುಳುಗುವ ಮುನ್ನ ಬುಸುಬುಸು ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಮಾತ್ರ ಇಳಿಯುತ್ತದೆ, ಆಮ್ಲಜನಕ ಹೆಚ್ಚೇನೂ ಕೂಡುವುದಿಲ್ಲ. ಉಸಿರು ಬೇಕೆನ್ನುವ ಎಚ್ಚರಿಕೆ ತಡವಾಗಿ, ಎಚ್ಚರವೇ ಮೊದಲು ಹೋಗುತ್ತದೆ.

ಬಿಸಿಲಿಗೆ ಹೆಚ್ಚು ಸುಡುವುದು ಮೀನಖಂಡ ಮತ್ತು ಮಂಡಿಯ ಹಿಂಭಾಗ. ಉದ್ದ ತೋಳಿನ ಅಂಗಿ, ಕಾಲು ಮುಚ್ಚುವ ಈಜುಡುಗೆ ಹಾಕಿಕೊಂಡು, ಉಳಿದ ಕಡೆಗೆ ಸತುವಿನ ಆಕ್ಸೈಡ್ ಇರುವ ಲೇಪ. ಆಕ್ಸಿಬೆನ್ಜೋನ್ ಎಂಬ ರಾಸಾಯನಿಕವಿರುವ ಸನ್‌ಸ್ಕ್ರೀನನ್ನು, ಹವಳಕ್ಕೆ ಹಾನಿಯೆಂದು, ಪೆಸಿಫಿಕ್‌ನ ದ್ವೀಪರಾಷ್ಟ್ರ ಪಲಾವು 2020ರಲ್ಲಿ ನಿಷೇಧಿಸಿತು, ಹವಾಯಿಯಲ್ಲಿ 2021ರಿಂದ ಅದರ ಮಾರಾಟವಿಲ್ಲ. ಡಬ್ಬಿಯ ಹಿಂದೆ ಓದಿಯೇ ಕೊಳ್ಳುವುದು.

ಸೈಕಲ್‌ಗೆ ಇಳಿತದ ಹೊತ್ತು, ಒದ್ದೆಯಾಗಿ ಗಟ್ಟಿಯಾದ ಮರಳಷ್ಟೇ. ಮುಗಿದ ಮೇಲೆ ಸಿಹಿನೀರಿನಲ್ಲಿ ತೊಳೆದು ಚೈನಿಗೆ ಎಣ್ಣೆ. ಒಂದು ರಾತ್ರಿ ಬಿಟ್ಟರೂ ತುಕ್ಕು.

ಆಳವಿಲ್ಲದ ನೀರಿನಲ್ಲಿ ಗಟ್ಟಿ ಅಡಿಯ ಬೂಟು ಹಾಕಿ, ಪಾದ ಎತ್ತದೆ ಎಳೆದುಕೊಂಡು ನಡೆದರೆ ಮರಳಿನಡಿಯ ತೊರಕೆ ಮೀನು (ಬಾಲದಲ್ಲಿ ವಿಷಮುಳ್ಳಿರುವ ಚಪ್ಪಟೆ ಮೀನು) ತಾನೇ ಸರಿಯುತ್ತದೆ. ಅದು ಚುಚ್ಚಿದರೆ ತಾಳುವಷ್ಟು ಬಿಸಿಯ, 45 ಡಿಗ್ರಿ ಮೀರದ ನೀರಿನಲ್ಲಿ 30ರಿಂದ 90 ನಿಮಿಷ ಅದ್ದಿಡಬೇಕು. ಬಿಸಿಯನ್ನು ಪರೀಕ್ಷಿಸಬೇಕಾದದ್ದು ಜೊತೆಗಾರರ ಕೈ, ಏಕೆಂದರೆ ನೋವಿನಲ್ಲಿರುವ ಕಾಲಿಗೆ ಸುಡುವುದೂ ತಿಳಿಯದು. ಆಮೇಲೆ ವೈದ್ಯರ ಬಳಿ.

ಕೊನೆಯ ದಿನವನ್ನು ಖಾಲಿ ಬಿಡುತ್ತೇವೆ. ಕಡಲು ಕೆಟ್ಟರೆ ದೋಣಿ ಹೊರಡುವುದಿಲ್ಲ. ಸಿಲಿಂಡರ್ ಕಟ್ಟಿ ಹಲವು ಸಲ ಡೈವ್ ಮಾಡಿದ್ದರೆ ವಿಮಾನ ಹತ್ತುವ ಮೊದಲು ಕನಿಷ್ಠ 18 ಗಂಟೆ ಕಳೆದಿರಲೇಬೇಕು.